ಮುಳುಗಿದ ಊರು, ಲೈಬ್ರರಿ ಮೇಜು

ನಮ್ಮ ಮಂಡ್ಯದ ಕಡೆ ವಂಶವೃಕ್ಷ ಅಂದ ಕೂಡಲೇ ಜನ ಕೇಳೋದು ಒಂದೇ, ಯಾವ ಜಮೀನು, ಯಾರ ಪಾಲು ಅಂತ. ಸುಮ್ನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ ಅಂದರೆ ದೊಡ್ಡಪ್ಪ ಇವತ್ತಿಗೂ ನಂಬಿಲ್ಲ.

ಮುತ್ತಜ್ಜನ ಊರು ಕನ್ನಂಬಾಡಿ ಕಟ್ಟೆಯ (ಈಗಿನ ಕೆ.ಆರ್.ಎಸ್. ಅಣೆಕಟ್ಟು) ನೀರಿನಲ್ಲಿ ಮುಳುಗಿದ್ದು. ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಊರೇ ಇಲ್ಲ ಅಂದ ಮೇಲೆ ಹೋಗಿ ಯಾರನ್ನು ಕೇಳೋದು? ಅದಕ್ಕೇ ಲೈಬ್ರರಿ ದಾರಿ ಹಿಡಿದೆ. ಅಲ್ಲಿನ ಮೇಡಂ ಒಂದು ಒಳ್ಳೆ ಸುಳಿವು ಕೊಟ್ಟರು: ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ, ಅದಕ್ಕೂ ಹಿಂದಿನದು ಬೇಕಾದರೆ ಮೈಸೂರು ಜಿಲ್ಲೆಯ ಸಂಪುಟ ನೋಡಿ ಅಂತ. ಜಿಲ್ಲೆಯ ವಿವರಗಳಿರುವ ಹಳೇ ಗೆಜೆಟಿಯರ್, ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ, ಎರಡನ್ನೂ ತಂದು ಮೇಜಿನ ಮೇಲಿಟ್ಟರು. ಹಾಳೆ ಅಂಚು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತೆ, ಉಸಿರು ಬಿಗಿಹಿಡಿದೇ ತಿರುಗಿಸಬೇಕು. ಶಾಸನಗಳಲ್ಲಿ ದೇವಸ್ಥಾನಕ್ಕೆ ಭೂಮಿ ಬಿಟ್ಟವರು, ಕಳ್ಳರ ಕೈಯಿಂದ ತುರು (ದನ) ಬಿಡಿಸಲು ಹೋಗಿ ಸತ್ತವರು ಎಲ್ಲ ಇದ್ದಾರೆ. ಸುಮ್ಮನೆ ರಾಗಿ ಬೆಳೆದುಕೊಂಡಿದ್ದವರು ಎಲ್ಲಿ ಸಿಗುತ್ತಾರೆ, ಅಲ್ವಾ?

ಊರಿನ ವಿಷಯಕ್ಕೆ ಪುಸ್ತಕ ಸರಿ, ಹೆಸರಿಗೆ ಮಾತ್ರ ಹೆಳವರೇ ಗತಿ. ಎತ್ತಿನ ಮೇಲೆ ಬಂದು, ಬಾಗಿಲಲ್ಲಿ ನಿಂತು ಮನೆತನದ ತಲೆಮಾರುಗಳನ್ನು ಗಟಗಟ ಒಪ್ಪಿಸುತ್ತಿದ್ದವರು. ನಮ್ಮಜ್ಜಿ ಅವರಿಗೆ ಮೊರದ ತುಂಬ ರಾಗಿ ಹಾಕುತ್ತಿದ್ದರಂತೆ. ನಮ್ಮ ಅಪ್ಪನ ಕಾಲಕ್ಕೆ ಬರೋದು ಕಡಿಮೆಯಾಯಿತು, ನಾವು ಸಿಟಿ ಸೇರಿದ ಮೇಲೆ ಯಾವ ಬಾಗಿಲಿಗೆ ಅಂತ ಬರುತ್ತಾರೆ ಪಾಪ.

ಪಾಂಡವಪುರ, ಕೆ.ಆರ್. ಪೇಟೆ ಕಡೆಯವರೇ, ನಿಮ್ಮೂರಿಗೆ ಹೆಳವರು ಈಗಲೂ ಬರುತ್ತಾರಾ? ಗೊತ್ತಿದ್ದರೆ ಹೇಳಿ, ಈ ಸಲ ಸುಗ್ಗಿ ಹೊತ್ತಿಗೆ ಬಂದು ಹಿಡಿಯುತ್ತೇನೆ.