ಕಣಕುಂಬಿಯ ಗಿರಿ ಕುಂಕುಮ

ನಮ್ಮ ಇಳಕಲ್ ಕಡೆ ಹಕ್ಕಿ ನೋಡೋದು ಅಂದ್ರೆ ಕಣ್ಣಿನ ಕೆಲಸ. ಬಯಲು ಸೀಮೆ. ತಂತಿ ಮೇಲೆ ನೀಲಕಂಠ, ಹೊಲದ ಬದುವಿನಲ್ಲಿ ಟಿಟ್ಟಿಭ, ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಫ್ಲೆಮಿಂಗೊ. ಎಲ್ಲವೂ ದೂರದಿಂದಲೇ ಕಾಣುತ್ತವೆ. ಹಾಗಾಗಿ ಫೆಬ್ರವರಿ ಕೊನೆಗೆ ತಮ್ಮನ ಕಾರಿನಲ್ಲಿ ಖಾನಾಪುರದ ಕಾಡಿನ ಕಡೆ ಹೊರಟಾಗ ದುರ್ಬೀನು ಒಂದಿದ್ದರೆ ಸಾಕು ಅಂದುಕೊಂಡಿದ್ದೆ.

ಬೆಳಗಾವಿಯಲ್ಲಿ ಊಟ. ಜಾಂಬೋಟಿ ದಾಟುತ್ತಲೇ ಎರಡೂ ಬದಿಯ ಮರಗಳು ಹತ್ತಿರ ಬಂದವು. ಸಂಜೆ ಕಣಕುಂಬಿ. ನಮ್ಮ ಮಲಪ್ರಭೆ ಹುಟ್ಟುವುದು ಇಲ್ಲೇ. 304 ಕಿಲೋಮೀಟರ್ ಹರಿದು, ನಮ್ಮ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಸಂಗಮಕ್ಕೆ ಎಷ್ಟೋ ಸಲ ಹೋಗಿದ್ದೇನೆ, ತವರು ನೋಡಿದ್ದು ಮೊದಲ ಸಲ. ಅವ್ವ ಕೊಟ್ಟಿದ್ದ ಗುಳೇದಗುಡ್ಡ ಖಣ, ತೆಂಗಿನಕಾಯಿ ದೇವಿಗೆ ಕೊಟ್ಟೆವು.

ಮರುದಿನ ನಸುಕಿನಲ್ಲಿ ಚೋರ್ಲಾ ದಾರಿ ಹಿಡಿದೆವು. ಕಾರು ನಿಲ್ಲಿಸಿ ಇಳಿದರೆ ದುರ್ಬೀನಿನ ಗಾಜೆಲ್ಲ ಮಂಜು ಮಂಜು. ಎಸಿ ಗಾಳಿಗೆ ತಣ್ಣಗಾಗಿದ್ದ ಗಾಜು ಹೊರಗಿನ ತೇವ ಹಿಡಿದಿತ್ತು. (ಈಗ ಕಾಡು ಹತ್ತಿರ ಬಂದ ಕೂಡಲೇ ಎಸಿ ಆರಿಸಿ ಕಿಟಕಿ ತೆಗೆಯುತ್ತೇವೆ.) ಏನೂ ಕಾಣದೆ ಸುಮ್ನೆ ನಿಂತೆ. ಆಗ ಮೇಲೆ ಉಸಿರು ಎಳೆದೆಳೆದು ಬಿಟ್ಟ ಹಾಗೆ ದೊಡ್ಡ ಸಪ್ಪಳ. ಮಂಗಟ್ಟೆ ಹಕ್ಕಿಯ ರೆಕ್ಕೆ! ಅದರ ರೆಕ್ಕೆಯ ಅಡಿಯಲ್ಲಿ ದೊಡ್ಡ ಗರಿಗಳ ಬುಡ ಮುಚ್ಚುವ ಸಣ್ಣ ಗರಿಗಳಿಲ್ಲ, ನಡುವೆ ಗಾಳಿ ನುಗ್ಗಿ ಹಾಗೆ ಕೇಳುತ್ತದೆ.

ನನಗೆ ಅಪ್ಪನ ಮಗ್ಗ ನೆನಪಾಯಿತು. ಅಡುಗೆಮನೆಯಲ್ಲಿದ್ದರೂ ಲಾಳಿಯ ಸಪ್ಪಳ ತಪ್ಪಿದರೆ ನಮಗೆ ಗೊತ್ತಾಗುತ್ತದೆ. ಎಳೆ ಹರಿದಿರುತ್ತದೆ. ಅದೇ ಕಿವಿ ಇಲ್ಲಿಗೂ ಬೇಕಿತ್ತು, ಅಲ್ವಾ?

ಸ್ವಲ್ಪ ಮುಂದೆ ಬಿದಿರ ಮೆಳೆಯೊಳಗಿಂದ ‘ಕ್ಯೂ, ಕ್ಯೂ, ಕ್ಯೂ’ ಅಂತ ಮೆತ್ತನೆ ಕೂಗು. ಕಾಕರಣೆ. ಇದನ್ನು ನೋಡಬೇಕೆಂದೇ ಅಷ್ಟು ದೂರ ಬಂದಿದ್ದು. ಆದರೆ ನಮಗಿಂತ ಮೊದಲು ಅಲ್ಲಿ ನಾಲ್ಕೈದು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ಒಬ್ಬರು ಮೊಬೈಲಿನಲ್ಲಿ ಅದೇ ಹಕ್ಕಿಯ ಕೂಗನ್ನು ಜೋರಾಗಿ ಹಾಕುತ್ತಿದ್ದರು, ಮತ್ತೆ ಮತ್ತೆ. ನನಗೆ ತಡೆಯಲಾಗಲಿಲ್ಲ. ಇದು ಗೂಡಿನ ಕಾಲ. ಆ ಕೂಗು ಕೇಳಿದ ಗಂಡು ತನ್ನ ಜಾಗಕ್ಕೆ ಬೇರೆ ಗಂಡು ಬಂದಿದೆ ಅಂತ ಜಗಳಕ್ಕೆ ಬರುತ್ತದೆ. ಮೇವು, ಮರಿ, ಹೆಣ್ಣು ಎಲ್ಲ ಬಿಟ್ಟು ಇಲ್ಲದ ವೈರಿಯನ್ನು ಹುಡುಕುತ್ತದೆ. ಹೋಗಿ ಅಷ್ಟನ್ನೇ ಹೇಳಿದೆ. ಮೊಬೈಲ್ ಬಂದ್ ಮಾಡಿದರು. ಸ್ವಲ್ಪ ಹೊತ್ತಿಗೆ ಹೊರಟೂ ಹೋದರು. ಕಾಡೂ ಸುಮ್ಮನಾಯಿತು.

‘ಅಕ್ಕಾ, ಹೋಗೂಣೇನ?’ ಅಂದ ತಮ್ಮ. ಬೇಡ ಅಂದೆ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆವು. ಮುಕ್ಕಾಲು ಗಂಟೆ ಆಗಿರಬೇಕು. ಸಿಳ್ಳಾರವೊಂದು ಹಳ್ಳದ ಕಡೆಯಿಂದ ಥೇಟ್ ಹುಡುಗರ ಹಾಗೆ ಸಿಳ್ಳೆ ಹಾಕಿತು. ಭೀಮರಾಜ ಹಕ್ಕಿ ಬಾಲದ ಎರಡು ಎಳೆ ತೂಗಾಡಿಸುತ್ತ ಹೋಯಿತು. ಆಮೇಲೆ ಮತ್ತೆ ‘ಕ್ಯೂ, ಕ್ಯೂ’. ಈ ಸಲ ಬಹಳ ಹತ್ತಿರ. ದುರ್ಬೀನು ಎತ್ತಲಿಲ್ಲ, ಕಿವಿ ತೋರಿಸಿದ ಕಡೆ ನೋಡುತ್ತ ಕೂತೆ. ಕೊಂಬೆಯ ಮೇಲೆ ಕಂದು ಬಣ್ಣದ ಬೆನ್ನು. ಕಾಕರಣೆ ಹೀಗೇ, ಬೆನ್ನು ತೋರಿಸಿ ಅಲುಗಾಡದೆ ಕೂರುತ್ತದೆ. ಅಲ್ಲೇ ಇದ್ದರೂ ಎಲೆ ಅಂದುಕೊಂಡು ದಾಟಿ ಹೋಗುತ್ತೇವೆ. ನಿಧಾನಕ್ಕೆ ತಿರುಗಿತು. ಕಪ್ಪು ತಲೆ, ಎದೆಗೆ ಬಿಳಿ ಪಟ್ಟಿ, ಅದರ ಕೆಳಗೆಲ್ಲ ಕೆಂಪು.

ಫೋಟೋ ತೆಗೆದಿರಲಿಲ್ಲ. ರಾತ್ರಿ ಅಪ್ಪ ಫೋನಿನಲ್ಲಿ ಕೇಳಿದರು, ‘ಎಂಥಾ ಕೆಂಪವ್ವಾ ಅದು?’

‘ಗಿರಿ ಕುಂಕುಮ, ಅಪ್ಪಾ.’ ನಮ್ಮ ಇಳಕಲ್ ಸೀರೆಯ ಕೆಂಪು ಅದು.

‘ಹೌದಾ!’ ಅಂದರು. ಆಮೇಲೆ, ‘ದಡಿ ಬಿಳೇದೇನ?’ ಅಂತ ಕೇಳಿದರು.