ಏಳು ಮೂಟೆ ಚೆರಿ ಮತ್ತು ನ್ಯೂಯಾರ್ಕ್ ಪೊಲೀಸರು

ಜನವರಿಯಲ್ಲಿ ಕೊಡಗಿನ ಸಿದ್ದಾಪುರದಿಂದ ಭಾವ ಫೋನ್ ಮಾಡಿದ್ದರು. ಕಣದಲ್ಲಿ ಒಣಗಿಸಿ ಕಟ್ಟಿಟ್ಟಿದ್ದ ರೋಬಸ್ಟಾ ಕಾಫಿ ಚೆರಿ, ರಾತ್ರೋರಾತ್ರಿ ಏಳು ಮೂಟೆ ಹೋಗಿದೆ. "ನಿಮ್ಮ ನ್ಯೂಯಾರ್ಕ್‌ನವರ ಹಾಗೆ ಬಿಗಿ ಮಾಡ್ಬೇಕು ಮಾರಾಯ. ಸಂತೆ ದಿನ ಕುಡಿದು ಬೀಳೋರು, ತೋಟದ ಕೆಲಸದವರ ಲೈನ್ ಮನೆಗೆ ಹೊಸದಾಗಿ ಬಂದೋರು, ಎಲ್ಲರನ್ನೂ ಹಿಡಿದು ವಿಚಾರಿಸ್ಬೇಕು. ಆಗ ದೊಡ್ಡ ಕಳ್ಳರು ತಾವೇ ಓಡ್ತಾರೆ" ಎಂದರು.

ಭಾವ ಹೇಳಿದ ಮಾತಿಗೆ ಇಲ್ಲಿ ದೊಡ್ಡ ಚರಿತ್ರೆಯೇ ಇದೆ. ಒಡೆದ ಕಿಟಕಿಯನ್ನು ಹಾಗೇ ಬಿಟ್ಟರೆ ಉಳಿದ ಕಿಟಕಿಗಳೂ ಒಡೆಯುತ್ತವೆ, ಬೀದಿಯನ್ನು ಕೇಳುವವರಿಲ್ಲ ಎಂದು ಪುಂಡರಿಗೆ ಗೊತ್ತಾಗುತ್ತದೆ ಎಂದು 1982ರಲ್ಲಿ ವಿಲ್ಸನ್, ಕೆಲ್ಲಿಂಗ್ ಎಂಬಿಬ್ಬರು ಬರೆದರು. 1994ರಲ್ಲಿ ನ್ಯೂಯಾರ್ಕ್ ಪೊಲೀಸ್ ಮುಖ್ಯಸ್ಥರಾದ ಬಿಲ್ ಬ್ರ್ಯಾಟನ್ ಅದನ್ನೇ ಹಿಡಿದರು. ಟಿಕೆಟಿಲ್ಲದೆ ಸಬ್‌ವೇ ಗೇಟು ಹಾರಿದರೂ ಬೇಡಿ. ಕೊಲೆ, ದರೋಡೆ ಇಳಿದದ್ದು ನಿಜ. ಆದರೆ ಹಾಗೆ ಮಾಡದ ಊರುಗಳಲ್ಲೂ ಆ ವರ್ಷಗಳಲ್ಲಿ ಇಳಿಯಿತು. ಅದನ್ನು ಯಾರೂ ಭಾವನಿಗೆ ಹೇಳಿಲ್ಲ.

ಆಮೇಲೆ ಬೀದಿಯಲ್ಲಿ ನಿಲ್ಲಿಸಿ ತಡಕುವುದು ಶುರುವಾಯಿತು. 2011 ಒಂದೇ ವರ್ಷ 6,85,000ಕ್ಕೂ ಜಾಸ್ತಿ ಸಲ. ಹೆಚ್ಚಿನವರು ಕಪ್ಪು, ಲ್ಯಾಟಿನೋ ಹುಡುಗರು. ಹತ್ತರಲ್ಲಿ ಒಂಬತ್ತು ಮಂದಿಯ ಮೇಲೆ ಹಾಕಲು ಒಂದು ಕೇಸೂ ಸಿಗಲಿಲ್ಲ. ಕೋವಿ ಸಿಕ್ಕಿದ್ದಂತೂ ಬಲು ಅಪರೂಪ. (ಕೊಡವರು ಲೈಸೆನ್ಸಿಲ್ಲದೆ ಮನೆಯಲ್ಲಿ ಕೋವಿ ಇಡಬಹುದು ಎಂದರೆ ನನ್ನ ಆಫೀಸಿನವರು ಈಗಲೂ ನಂಬುವುದಿಲ್ಲ!) 2013ರಲ್ಲಿ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ತಡಕುವುದು ಪಾತಾಳಕ್ಕಿಳಿಯಿತು. ಕೊಲೆಗಳೇನೂ ಗಗನಕ್ಕೇರಲಿಲ್ಲ.

ನಾನು ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ಬಂದದ್ದು 2014ರ ಕೊನೆಗೆ. ಆ ಜುಲೈಯಲ್ಲಷ್ಟೇ ಬಿಡಿ ಸಿಗರೇಟು ಮಾರುತ್ತಾನೆಂದು ಹಿಡಿಯಲು ಹೋಗಿ ಎರಿಕ್ ಗಾರ್ನರ್ ಎಂಬವರ ಜೀವ ಹೋಗಿತ್ತು. ಡಿಸೆಂಬರಿನಲ್ಲಿ ಇಬ್ಬರು ಪೊಲೀಸರನ್ನು ಗುಂಡಿಟ್ಟು ಕೊಂದರು. ಸಿಟ್ಟಾದ ಪೊಲೀಸರು ಕೆಲವು ವಾರ ಚಿಲ್ಲರೆ ಕೇಸು ಬರೆಯುವುದನ್ನೇ ಹೆಚ್ಚುಕಮ್ಮಿ ಬಿಟ್ಟರು. ಹೊಸಬನಾದ ನನಗೆ ಭಯ, ಇನ್ನು ಊರು ಹಾಳಾಗುತ್ತೆ ಅಂತ. ಏನೂ ಆಗಲಿಲ್ಲ. ಆ ವಾರಗಳಲ್ಲಿ ಮನೆಗಳ್ಳತನ, ಹಲ್ಲೆಯಂಥ ದೊಡ್ಡ ದೂರುಗಳು ಇಳಿದಿದ್ದವು ಎಂದು 2017ರಲ್ಲಿ ಒಂದು ಅಧ್ಯಯನ ಬಂತು. ದೂರು ಕೊಡುವವರೇ ಕಮ್ಮಿಯಾಗಿದ್ದರೇನೋ ಎಂಬ ಅನುಮಾನ ನನಗೆ ಪೂರ್ತಿ ಹೋಗಿಲ್ಲ. ಆದರೂ ಊರು ಹಾಳಾಗಲಿಲ್ಲ ಎಂಬುದನ್ನು ಕಣ್ಣಾರೆ ಕಂಡೆ.

ಹಾಗಂತ ಒಡೆದ ಕಿಟಕಿಯ ಮಾತು ಪೂರ್ತಿ ಸುಳ್ಳಲ್ಲ. ಇಲ್ಲಿಂದ ಎರಡು ಗಂಟೆ ದೂರದ ಫಿಲಡೆಲ್ಫಿಯಾದಲ್ಲಿ ಕಸ ತುಂಬಿದ ಖಾಲಿ ಸೈಟುಗಳನ್ನು ಗುಡಿಸಿ, ಹುಲ್ಲು ಬೆಳೆಸಿ, ಗಿಡ ನೆಟ್ಟರು. ಬಡವರ ಬೀದಿಗಳಲ್ಲಿ ಗುಂಡಿನ ಹಿಂಸೆ 29% ಇಳಿಯಿತು. ಕಿಟಕಿ ರಿಪೇರಿ ಮಾಡಿದರು, ಪಕ್ಕ ನಿಂತ ಹುಡುಗನ ಕಾಲರ್ ಹಿಡಿಯಲಿಲ್ಲ, ಅಷ್ಟೇ. ಕಣಕ್ಕೆ ಹೋಗುವ ದಾರಿಯಲ್ಲಿ ಎರಡು ವರ್ಷದಿಂದ ಬೀದಿದೀಪ ಉರಿದಿಲ್ಲ, ಅಲ್ವಾ ಭಾವ?

ಇದನ್ನೆಲ್ಲ ಅಂದೇ ಹೇಳಿದೆ. "ಅಲ್ಲೇ ಕೂತು ಹೇಳೋದು ಸುಲಭ" ಎಂದು ಫೋನಿಟ್ಟರು.

ಹೋದ ವಾರ ಅವರೇ ಮತ್ತೆ ಮಾಡಿದರು. ಲೈನ್ ಮನೆಯ ಅಸ್ಸಾಂ ಹುಡುಗನೊಬ್ಬ ಆ ರಾತ್ರಿ ಪಿಕಪ್ ಒಂದು ಲೈಟು ಆರಿಸಿಕೊಂಡು ಹೋಗಿದ್ದನ್ನು ನೋಡಿದ್ದನಂತೆ. ನಂಬರಿನ ಕೊನೆಯ ಎರಡು ಅಂಕಿಯೂ ನೆನಪಿದೆಯಂತೆ. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದೆ.

"ಡಿಸೆಂಬರಿನಲ್ಲಿ ಆಧಾರ್ ನೋಡ್ಬೇಕು ಅಂತ ಠಾಣೆಯಲ್ಲಿ ಸಂಜೆವರೆಗೆ ಕೂರಿಸಿದ್ರು" ಎಂದ ಭಾವ ಸ್ವಲ್ಪ ತಡೆದರು. "ಜೀಪಿನಲ್ಲಿ ಕರ್ಕೊಂಡು ಹೋಗಿ ಬಿಟ್ಟವನು ನಾನೇ."