1978ರ ಶೆವ್ರೊಲೆ ಸಿ10: ಲಾಂಗ್ ಬೆಡ್‌ನಿಂದ ಶಾರ್ಟ್ ಬೆಡ್, ಚಾಸಿ ಜಾಯಿಂಟ್ ಆಯ್ತು

ನನ್ನ ಲಾಂಗ್ ಬೆಡ್ ಪಿಕಪ್ಪನ್ನ ಕತ್ತರಿಸಿ ಶಾರ್ಟ್ ಬೆಡ್ ಮಾಡ್ತಿದೀನಲ್ಲ, ಅದರ ಚಾಸಿ (ಗಾಡಿಯ ತಳದ ಕಬ್ಬಿಣದ ಚೌಕಟ್ಟು) ಕೂಡ್ತು. ಎಡ ಬಲ, ಮುಂದೆ ಹಿಂದೆ ಎಲ್ಲಾ ವೆಲ್ಡಿಂಗ್ ಮುಗಿದು, ಪ್ರೈಮರ್ ಹೊಡೆದು, ಈಗ ಗಾಡಿ ತನ್ನ ನಾಲ್ಕು ಚಕ್ರದ ಮೇಲೆ ನಿಂತಿದೆ. ತುಂಬಾ ಜನ ಕೇಳ್ತಿದ್ರಿ ಕಟ್ ಎಲ್ಲಿ ಮಾಡ್ದೆ, ಹೇಗ್ ಮಾಡ್ದೆ ಅಂತ, ಅದಕ್ಕೆ ಈ ಸಲ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಹೊಸಬರಿಗೆ ಎರಡು ಮಾತು. ನಾನಿರೋದು ಟೆಕ್ಸಾಸ್‌ನಲ್ಲಿ. 1973ರಿಂದ 87ರ ತನಕ ಬಂದ ಶೆವ್ರೊಲೆ ಪಿಕಪ್‌ಗಳಿಗೆ ಇಲ್ಲಿ ಸ್ಕ್ವೇರ್‌ಬಾಡಿ ಅಂತಾರೆ, ನಂದು 78ರದು, ಟೂ ವೀಲ್ ಡ್ರೈವ್, 350 ವಿ8 ಎಂಜಿನ್. ಲಾಂಗ್ ಬೆಡ್ ಅಂದ್ರೆ ಹಿಂದಿನ ಬಾಡಿ 8 ಅಡಿ, ವೀಲ್‌ಬೇಸ್ 131.5 ಇಂಚು (ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕೆ ಇರೋ ದೂರ). ಶಾರ್ಟ್ ಬೆಡ್ ಆರೂವರೆ ಅಡಿ, ವೀಲ್‌ಬೇಸ್ 117.5. ಆಗಿನ ಕಾಲಕ್ಕೆ ರೈತರು, ಕಟ್ಟಡದ ಕೆಲಸದೋರು ಎಲ್ಲಾ ಲಾಂಗೇ ತಗೋತಿದ್ರು, ನಾಲ್ಕಕ್ಕೆ ಎಂಟಡಿ ಪ್ಲೈವುಡ್ ಶೀಟ್ ಚಪ್ಪಟೆಯಾಗಿ ಮಲಗಿಸಿ ಹಿಂದಿನ ಬಾಗಿಲು ಹಾಕೋಬಹುದು ನೋಡಿ. ಹಾಗಾಗಿ ಇವತ್ತಿಗೂ ಲಾಂಗ್ ಬೆಡ್ ಸುಲಭವಾಗಿ ಸಿಗುತ್ತೆ, ಶಾರ್ಟ್ ಬೆಡ್‌ಗೆ ಮಾತ್ರ ಕೈಗೆಟುಕದ ರೇಟು. ನೋಡೋಕೂ ಶಾರ್ಟ್ ಬೆಡ್ಡೇ ಚೆಂದ, ಕ್ಯಾಬಿಗೂ (ಡ್ರೈವರ್ ಕೂರೋ ಭಾಗ) ಬೆಡ್ಡಿಗೂ ಒಂದು ಹೊಂದಾಣಿಕೆ ಇರುತ್ತೆ, ಹಿಂದಿನ ಚಕ್ರ ಸರಿಯಾದ ಜಾಗದಲ್ಲಿ ಕೂತಂಗೆ ಕಾಣುತ್ತೆ.

ಆದ್ರೂ ಒಂದು ಮಾತು ಖಂಡಿತ ಹೇಳ್ತೀನಿ, ತುಕ್ಕಿಲ್ದೆ ಒರಿಜಿನಲ್ ಪೇಂಟ್ ಸಮೇತ ಉಳ್ಕೊಂಡಿರೋ ಲಾಂಗ್ ಬೆಡ್ ಸಿಕ್ರೆ ದಯವಿಟ್ಟು ಅದಕ್ಕೆ ಕಟಿಂಗ್ ಗ್ರೈಂಡರ್ ಹಚ್ಬೇಡಿ, ಹಂಗಿರೋದು ವರ್ಷ ವರ್ಷ ಕಮ್ಮಿ ಆಗ್ತಿದೆ. ನನ್ನ ಗಾಡಿಯಲ್ಲಿ ಬೆಡ್ಡಿನ ಮುಂದಿನ ಮೂಲೆಗಳು ತಿಂದು ಹೋಗಿದ್ವು, ಹಿಂದೆ ಬಂಪರ್ ಹತ್ರ ಚಾಸಿಗೂ ಒಂದಷ್ಟು ತುಕ್ಕು, ಅಂದ್ರೆ ಹೆಂಗಿದ್ರೂ ಕಟ್ ಆಗಬೇಕಾಗಿರೋ ಜಾಗದಲ್ಲೇ ಹೆಚ್ಚಿನ ತೊಂದ್ರೆ ಇತ್ತು. ಅದು ನೋಡಿದ ಮೇಲೇ ನಾನು ಇದಕ್ಕೆ ಕೈ ಹಾಕಿದ್ದು.

ಲೆಕ್ಕ ಏನಪ್ಪಾ ಅಂದ್ರೆ, ಎಂಟಡಿ, ಆರೂವರೆ ಅಡಿ ಅನ್ನೋದು ರೌಂಡ್ ಲೆಕ್ಕ, ನಿಜವಾಗಿ ಒಟ್ಟು 20 ಇಂಚು ಕಮ್ಮಿ ಆಗಬೇಕು. ಅದರಲ್ಲಿ 14 ಇಂಚು ಕ್ಯಾಬಿಗೂ ಹಿಂದಿನ ಆಕ್ಸಲ್ಲಿಗೂ ಮಧ್ಯೆ, ಇದರಿಂದ ವೀಲ್‌ಬೇಸ್ ಇಳಿಯುತ್ತೆ, ಉಳಿದ 6 ಇಂಚು ಆಕ್ಸಲ್ ಹಿಂದೆ. ಮುಂದಿನ ಕಟ್‌ಗೆ ಕ್ಯಾಬಿನ ಕೊನೇ ಮೌಂಟ್ ದಾಟಿದ ಮೇಲೆ, ಲೀಫ್ ಸ್ಪ್ರಿಂಗಿನ ಮುಂದಿನ ಬ್ರಾಕೆಟ್‌ಗಿಂತ ಮುಂಚೆ, ಚಾಸಿ ನೇರ ಇರೋ ಜಾಗ ಆರಿಸ್ಕೊಂಡೆ. ಹಿಂದಿನ ಕಟ್, ಸ್ಪ್ರಿಂಗಿನ ಹಿಂದಿನ ತುದಿ ನೇತಾಡೋ ಶ್ಯಾಕಲ್ ಬ್ರಾಕೆಟ್ ದಾಟಿದ ಮೇಲೆ.

ಗ್ರೈಂಡರ್ ಹಿಡಿಯೋಕ್ ಮುಂಚೆ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಲೈಟಿನ ವೈರು, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲ್ಲಿಗೆ ಹೋಗೋ ತಿರುಗೋ ರಾಡು) ಎಲ್ಲಾ ಬಿಚ್ಚಿ ಹೊರಗೆ ಹಾಕಿ ಬ್ಯಾಟರಿ ಕನೆಕ್ಷನ್ನೂ ತೆಗೆದಿದ್ದೆ. ಆಮೇಲೆ ಅಳತೆ. ಈ ಕೆಲಸದಲ್ಲಿ ಹೆಚ್ಚಿನ ಟೈಮ್ ತಗೊಂಡಿದ್ದು ಅಳತೆನೇ, ತಗೋಬೇಕು ಕೂಡ. ಮೊದ್ಲು ಚಾಸಿನ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ ನಾಲ್ಕೂ ಕಡೆ ರಸಮಟ್ಟ ಇಟ್ಟು ಲೆವೆಲ್ ಮಾಡಿದೆ. ಚಾಸಿಯ ಎರಡೂ ರೈಲಿನ (ಉದ್ದಕ್ಕೆ ಓಡೋ ಕಬ್ಬಿಣದ ತೊಲೆ) ಮೇಲೆ ಕಟ್ ಬರೋ ಜಾಗದ ಆಚೆ ಒಂದು ಈಚೆ ಒಂದು ಸೆಂಟರ್ ಪಂಚ್ ಗುರುತು ಹೊಡೆದೆ, ಸರಿಯಾಗಿ 30 ಇಂಚು ದೂರಕ್ಕೆ. 14 ಇಂಚು ತೆಗೆದು ಕೂಡಿಸಿದ್ಮೇಲೆ ಅದೇ ಎರಡು ಚುಕ್ಕಿ ಮಧ್ಯೆ 16 ಇಂಚು ಬರಬೇಕು, ಬಂದಿಲ್ಲ ಅಂದ್ರೆ ವೆಲ್ಡಿಂಗ್ ಹಚ್ಚೋ ಹಾಗಿಲ್ಲ. ಅಂಚು ಸವೆಸಿದ್ರೂ ಗ್ಯಾಪ್ ಬಿಟ್ರೂ ಈ ಚುಕ್ಕಿಗಳು ಅಲ್ಲಾಡಲ್ಲ, ಅದೇ ಇದರ ಲಾಭ. ಇದಲ್ದೆ ಚಾಸಿಯ ತೂತುಗಳಿಂದ ತೂಗುಗುಂಡು ಇಳಿಬಿಟ್ಟು ಕೆಳಗೆ ಕಾಂಕ್ರೀಟ್ ನೆಲದ ಮೇಲೆ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಳೆದು ಬರೆದಿಟ್ಟೆ.

ಚಾಸಿ ರೈಲು ಇಂಗ್ಲಿಷಿನ ಸಿ ಅಕ್ಷರದ ಆಕಾರ. ಮೇಲೊಂದು ಅಂಚು, ಕೆಳಗೊಂದು ಅಂಚು, ಮಧ್ಯೆ ನಿಂತಿರೋ ಪಟ್ಟಿ. ಎರಡು ಆಕ್ಸಲ್ ಮಧ್ಯೆ ಲೋಡ್ ಬಿದ್ದಾಗ ಕೆಳಗಿನ ಅಂಚು ಎಳೆಸ್ಕೊಳ್ಳುತ್ತೆ, ಮೇಲಿನ ಅಂಚು ಅಮುಕಿಸ್ಕೊಳ್ಳುತ್ತೆ. ಆಕ್ಸಲ್ ಹಿಂದೆ ಚಾಚಿರೋ ಭಾಗದಲ್ಲಿ ಇದೇ ಉಲ್ಟಾ, ಅಲ್ಲಿ ಮೇಲಿನ ಅಂಚಿಗೆ ಎಳೆತ. ಬಗ್ಗೋ ಜೋರು ಪಟ್ಟಿಯ ನಡುಭಾಗಕ್ಕೆ ಬಹಳ ಕಮ್ಮಿ. ಇದನ್ನ ತಲೇಲಿ ಇಟ್ಕೊಂಡ್ರೆ ನೆಟ್ಟಗೆ ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಯಾಕೆ ಕಟ್ ಮಾಡಬಾರ್ದು ಅಂತ ಗೊತ್ತಾಗುತ್ತೆ, ಹಂಗೆ ಮಾಡಿದ್ರೆ ಮೇಲಿನ ಬೆಸುಗೆ ಕೆಳಗಿನ ಬೆಸುಗೆ ಎರಡೂ ಒಂದೇ ಜಾಗದಲ್ಲಿ ಬಂದು ಇಡೀ ಭಾರ ಅಲ್ಲೇ ಕೂರುತ್ತೆ. ಅದಕ್ಕೆ ಮೆಟ್ಟಿಲಿನ ಥರ ಕಟ್: ಮೇಲಿನ ಅಂಚು ಒಂದು ಕಡೆ, ಅಲ್ಲಿಂದ ಪಟ್ಟಿಯ ಮಧ್ಯಕ್ಕೆ ಇಳಿದು, ಅಡ್ಡಕ್ಕೆ ಕೆಲವು ಇಂಚು ಹೋಗಿ, ಆಮೇಲೆ ಕೆಳಗಿನ ಅಂಚಿಗೆ. ದಪ್ಪ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸ್ಕೊಂಡು ಅದನ್ನೇ 14 ಇಂಚು ಸರಿಸಿ ಎರಡು ಸಲ ಗೆರೆ ಎಳೆದೆ, ಇನ್ನೊಂದು ರೈಲಿಗೆ ಅದೇ ಅಚ್ಚು ತಿರುಗಿಸಿ. ಕಟಿಂಗ್ ವೀಲಿನ ದಪ್ಪ ಎಷ್ಟಿದ್ರೂ ಬಿಸಾಕೋ ತುಂಡಿನ ಕಡೆಗೇ ಹೋಗಬೇಕು, ಗೆರೆ ಉಳೀಬೇಕು.

ತುಮಕೂರಲ್ಲಿ ನಮ್ಮ ಸೋದರಮಾವ ಇದಾರೆ, ಬಹಳ ವರ್ಷ ಲಾರಿ ಚಾಸಿ ಕೆಲಸ ಮಾಡಿದೋರು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಗೆರೆಗಳನ್ನೆಲ್ಲ ಹತ್ರದಿಂದ ತೋರ್ಸು ಅಂತ ನೋಡಿ, "ಕಟ್ ಮಾಡೋದ್ ಇರ್ಲಿ ಕಣೋ, ಕಟ್ ಆದ್ಮೇಲೆ ಹಿಂದಿನ್ ಅರ್ಧ ಯಾವ್ದರ್ ಮೇಲೆ ನಿಲ್ಲುತ್ತೆ ಅದ್ ಹೇಳು ಮೊದ್ಲು" ಅಂದ್ರು. ನಾನು ಆಂಗಲ್ ಕಬ್ಬಿಣ ತೋರಿಸ್ದೆ. ಎರಡು ಉದ್ದನೆ ನೇರ ಆಂಗಲ್‌ಗಳನ್ನ ರೈಲುಗಳ ಮೇಲೆ ಕ್ಲ್ಯಾಂಪ್ ಹಾಕಿ ಬಿಗಿದಿದ್ದೆ, ಹಿಂದಿನ ಅರ್ಧ ತನ್ನ ಚಕ್ರದ ಮೇಲೆ ಉರುಳ್ಕೊಂಡು ಮುಂದೆ ಬರ್ತಾ ಆಂಗಲ್ ಹಿಡ್ಕೊಂಡೇ ಬರಬೇಕು, ಮೇಜಿನ ಡ್ರಾಯರ್ ಒಳಕ್ಕೆ ತಳ್ಳಿದ ಹಾಗೆ. "ಹಾಂ, ಹಂಗಾದ್ರೆ ಸರಿ, ಮಾಡಪ್ಪ" ಅಂದ್ರು. ಅವರ ಬಾಯಿಂದ ಆ ಮಾತು ಬಂದ್ಮೇಲೆ ನಂಗೆ ಧೈರ್ಯ. ಅಂದ ಹಾಗೆ ಊರಲ್ಲಿ ಇರೋ ಫ್ರೆಂಡ್ಸ್ ಇದನ್ನ ನೋಡಿ ಅಲ್ಲಿ ಶುರು ಮಾಡ್ಬೇಡಿ, 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಕಂಪನಿ ಸ್ಪೆಸಿಫಿಕೇಶನ್ ಬದಲಾಯಿಸೋ ಹಾಗಿಲ್ಲ.

ಕಟ್ ಮಾಡಿದ್ದು, ತಳ್ಳಿದ್ದು ಬೇಗನೇ ಮುಗೀತು. ಪಕ್ಕದ ಮನೆ ಅಜ್ಜ ಪೈಪ್‌ಲೈನ್ ವೆಲ್ಡರ್ ಆಗಿದ್ದೋರು, ಅವರೇ ಬಂದು ಕೈ ಕೊಟ್ರು. ಎರಡೂ ಕಡೆ 16 ಇಂಚು, ಮೂಲೆ ಅಳತೆ ಎರಡೂ ಒಂದೇ. ಆಮೇಲೇ ಟ್ಯಾಕ್ (ಹಿಡಿದಿಡೋಕೆ ಚಿಕ್ಕ ಚುಕ್ಕಿ ವೆಲ್ಡ್) ಹಾಕಿದ್ದು. ಒಂದು ಕಡೆ ಪೂರ್ತಿ ವೆಲ್ಡ್ ಮಾಡಿ ಇನ್ನೊಂದು ಕಡೆಗೆ ಹೋದ್ರೆ ಬಿಸಿಗೆ ಚಾಸಿ ಎಳ್ಕೊಳ್ಳುತ್ತೆ, ಅದಕ್ಕೆ ಎಡಕ್ಕೆ ಸ್ವಲ್ಪ ಬಲಕ್ಕೆ ಸ್ವಲ್ಪ ಅಂತ ಹಾಕ್ತಾ, ಮಧ್ಯೆ ಮಧ್ಯೆ ಟೇಪ್ ಹಿಡಿದು ನೋಡ್ತಾ ಹೋದ್ವಿ. ಒಳಗಡೆಯಿಂದ ಪಟ್ಟಿಗೆ ಗಟ್ಟಿ ಇರಲಿ ಅಂತ ಇನ್ನೊಂದು ಪ್ಲೇಟು ಕೂರಿಸಿದೀವಿ, ಅದರ ಎರಡೂ ತುದಿ ವಜ್ರದ ಆಕಾರಕ್ಕೆ ಚೂಪು ಮಾಡಿ. ಚೌಕ ತುದಿ ಬಿಟ್ರೆ ಪ್ಲೇಟು ಮುಗಿಯೋ ಗೆರೆಯಲ್ಲೇ ಬಿರುಕು ಬಿಡೋ ಚಾನ್ಸ್ ಇರುತ್ತೆ, ಚೂಪಾದ್ರೆ ಭಾರ ನಿಧಾನಕ್ಕೆ ಹಂಚ್ಕೊಂಡು ಹೋಗುತ್ತೆ. ಮೇಲಿನ ಕೆಳಗಿನ ಅಂಚುಗಳಿಗೆ ಅಡ್ಡ ಗೆರೆ ವೆಲ್ಡಿಂಗ್ ಜಾಯಿಂಟ್ ಬಿಟ್ರೆ ಬೇರೆಲ್ಲೂ ಹಾಕಿಲ್ಲ. ಹಿಂದಿನ 6 ಇಂಚಿಗೂ ಇದೇ ಕ್ರಮ. ಕೆಳಗೆ ಸ್ಟೆಪ್ನಿ ನೇತಾಡ್ತಿದ್ದ ಜಾಗ ಹೋಯ್ತು, ಇನ್ಮೇಲೆ ಅದು ಬೆಡ್ ಒಳಗೆ.

ಇನ್ನು ಟ್ಯಾಂಕು. ಇದು ನಂಗೆ ಚಾಸಿಯಷ್ಟೇ ಮುಖ್ಯ. 73ರಿಂದ ಈ ಪಿಕಪ್‌ಗಳಲ್ಲಿ ಟ್ಯಾಂಕ್ ಕ್ಯಾಬ್ ಒಳಗಿಂದ ಹೊರಗೆ ಬಂದು ಚಾಸಿ ರೈಲಿನ ಆಚೆ, ಬೆಡ್ಡಿನ ಪಕ್ಕದ ತಗಡಿನ ಹಿಂದೆ ಕೂತಿದೆ. ಪಕ್ಕದಿಂದ ಇನ್ನೊಂದು ಗಾಡಿ ಗುದ್ದಿದ್ರೆ ಟ್ಯಾಂಕಿಗೂ ಅದಕ್ಕೂ ಮಧ್ಯೆ ಒಂದು ತಗಡು ಅಷ್ಟೇ. ಬೆಂಕಿ ಹತ್ತಿ ಜನ ಸತ್ತ ಕೇಸುಗಳು ಬಹಳ ನಡೆದ್ವು, 1992ರಲ್ಲಿ ಅಮೆರಿಕ ಸರ್ಕಾರ ತನಿಖೆ ಶುರು ಮಾಡ್ತು, 1994ರಲ್ಲಿ ಜನರಲ್ ಮೋಟಾರ್ಸ್ ಸುರಕ್ಷತಾ ಕಾರ್ಯಕ್ರಮಗಳಿಗೆ 5.1 ಕೋಟಿ ಡಾಲರ್ ಕೊಡೋದಕ್ಕೆ ಒಪ್ಪಿ ರಾಜಿ ಆಯ್ತು, ಗಾಡಿಗಳು ಮಾತ್ರ ವಾಪಸ್ ಹೋಗ್ಲಿಲ್ಲ. ಲಾಂಗ್ ಬೆಡ್ ಟ್ಯಾಂಕ್ ಹೇಗೂ ಶಾರ್ಟ್‌ಗೆ ಉದ್ದ ಜಾಸ್ತಿ ಆಗುತ್ತೆ, ಚಿಕ್ಕದು ಹುಡುಕಿ ಅದೇ ಜಾಗಕ್ಕೆ ಹಾಕೋ ಬದಲು ಅದೇ ಕಾಲದ ಬ್ಲೇಜರ್ (ಶೆವ್ರೊಲೆಯದೇ ಜೀಪಿನಂಥ ಗಾಡಿ) ಗಾಡಿಯ ಟ್ಯಾಂಕನ್ನ ಹಿಂದೆ ಎರಡು ರೈಲುಗಳ ಮಧ್ಯೆ ಕೂರಿಸ್ತಿದೀನಿ. ಇದರಲ್ಲಿ ನನ್ನ ಮಗಳೂ ಕೂರ್ತಾಳೆ, ಟ್ಯಾಂಕ್ ಪಕ್ಕದಲ್ಲಿ ಇಟ್ಕೊಂಡು ಓಡಿಸೋ ಮನಸ್ಸಿಲ್ಲ. 78ರದ್ದಕ್ಕೆ ಪೆಟ್ರೋಲ್ ಕ್ಯಾಪಿಗೆ ಮುಚ್ಚೋ ಬಾಗಿಲಿಲ್ಲ, ಕ್ಯಾಪ್ ನೇರ ಬೆಡ್ಡಿನ ಹೊರಮೈ ಮೇಲೇ ಕಾಣುತ್ತೆ, ಆ ತೂತನ್ನ ತಗಡು ಹಾಕಿ ಮುಚ್ಚಬೇಕು.

ಬೆಡ್ಡಿನ ಬಗ್ಗೆ: ಹೊಸ ಶಾರ್ಟ್ ಪ್ಯಾನಲ್ ಮಾರ್ಕೆಟ್‌ನಲ್ಲಿ ಸಿಗುತ್ತೆ, ಆದ್ರೆ ನನ್ನ ಗಾಡಿದೇ ತಗಡು ಉಳೀಲಿ ಅಂತ ಆಸೆ. ಮುಂದಿನ 14 ಇಂಚನ್ನ ಪ್ಯಾನಲ್ ಮಧ್ಯದಲ್ಲಿ ಕಟ್ ಮಾಡಲ್ಲ, ಮುಂದಿನ ಕಂಬದ ಸ್ಪಾಟ್ ವೆಲ್ಡ್‌ಗಳನ್ನ ಡ್ರಿಲ್ ಮಾಡಿ ಬಿಡಿಸಿ, ತುಕ್ಕು ಹಿಡಿದಿರೋ ತಗಡು ಬಿಸಾಕಿ, ಕಂಬವನ್ನೇ ಹಿಂದಕ್ಕೆ ತಂದು ಕೂರಿಸ್ತೀನಿ, ಆಗ ಮುಂದೆ ಜಾಯಿಂಟ್ ಗೆರೆ ಕಣ್ಣಿಗೇ ಬೀಳಲ್ಲ. ಚಕ್ರದ ಹಿಂದಿನ 6 ಇಂಚಿಗೆ ಮಾತ್ರ ಮೇಲಿಂದ ಕೆಳಗೆ ಒಂದು ಸೀಮ್ ಬಂದೇ ಬರುತ್ತೆ. ತೆಳು ತಗಡು, ಒಂದೇ ಸಮ ವೆಲ್ಡ್ ಹಾಕಿದ್ರೆ ಅಲೆ ಅಲೆ ಆಗಿಬಿಡುತ್ತೆ, ಚುಕ್ಕಿ ಚುಕ್ಕಿಯಾಗಿ ದೂರ ದೂರಕ್ಕೆ ಹಾಕಿ, ಆರೋಕೆ ಬಿಟ್ಟು, ಮಧ್ಯೆ ತುಂಬ್ತಾ ಹೋಗಬೇಕು. ಬಲಗಡೆದು ಮುಗಿಸಿದೀನಿ, ಪಕ್ಕದಲ್ಲಿ ಹಾದುಹೋಗೋ ಉದ್ದನೆ ಮಡಿಕೆ ಇದೆಯಲ್ಲ, ಅದು ಸೀಮ್ ದಾಟೋ ಜಾಗದಲ್ಲಿ ಉಗುರಿಟ್ಟು ಎಳೆದ್ರೂ ತಡೆಯಲ್ಲ. ನೆಲದ ತಗಡಿನ ಏಣುಗಳು ಉದ್ದಕ್ಕೇ ಓಡೋದ್ರಿಂದ ಅಲ್ಲೂ ಏಣಿಗೆ ಏಣು ಕೂಡಬೇಕು, ಅದಿನ್ನೂ ಬಾಕಿ.

ಶಾಫ್ಟು ನನ್ನದ್ರಲ್ಲಿ ಎರಡು ತುಂಡು, ಮಧ್ಯೆ ಬೇರಿಂಗ್ ಇತ್ತು. ವೀಲ್‌ಬೇಸ್ ಇಳಿದಿರೋದ್ರಿಂದ ಒಂದೇ ತುಂಡಿನದು ಮಾಡಿಸ್ತಿದೀನಿ. ಅಳತೆ ಕೊಡುವಾಗ ಗಾಡಿಯ ಭಾರ ಚಕ್ರದ ಮೇಲೇ ಇರಬೇಕು, ಜಾಕ್ ಮೇಲೆ ಎತ್ತಿ ಆಕ್ಸಲ್ ಜೋತಾಡ್ತಾ ಇರುವಾಗ ಅಳೆದ್ರೆ ತಪ್ಪು ಬರುತ್ತೆ. ಬೆಡ್ ಇನ್ನೂ ಮೇಲಿಲ್ಲ, ಅದಕ್ಕೆ ಅಷ್ಟೇ ತೂಕದ ಮರಳು ಚೀಲ ಹೇರಿ ಅಳೆದು ಕೊಟ್ಟಿದೀನಿ, ಬ್ಯಾಲೆನ್ಸ್ ಮಾಡಿ ಹೊಸ ಕ್ರಾಸ್ (ಶಾಫ್ಟಿನ ತುದಿಯ ಮಡಚೋ ಜಾಯಿಂಟು) ಹಾಕಿ ಕೊಡ್ತಾರೆ. ಅದು ಬರೋಷ್ಟರಲ್ಲಿ ಹೊಸ ಬ್ರೇಕ್ ಪೈಪು ಎಳೆದು, ಎಡಗಡೆ ಪ್ಯಾನಲ್ ಶುರು ಮಾಡ್ತೀನಿ.